ನೋವಿನ ದೂತನನ್ನು ಅಳೆಯುವ ಬಗೆ

ಬೆರಳಿಗೆ ಮುಳ್ಳು ಚುಚ್ಚಿದ ಸುದ್ದಿ ನರಗಳ ದಾರಿಯಾಗಿ ಬೆನ್ನುಹುರಿಯನ್ನು ಮುಟ್ಟುತ್ತದೆ. ಅಲ್ಲಿ ಒಂದು ನರದಿಂದ ಇನ್ನೊಂದಕ್ಕೆ ಆ ಸುದ್ದಿಯನ್ನು ದಾಟಿಸುವ ದೂತರಲ್ಲಿ ಒಬ್ಬನಿಗೆ ‘ಪಿ ವಸ್ತು’ ಎಂದು ಹೆಸರು. ೧೯೩೧ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬ ವಿಜ್ಞಾನಿಗಳು ಕುದುರೆಯ ಮಿದುಳು ಮತ್ತು ಕರುಳಿನ ಸಾರದಲ್ಲಿ ಇದರ ಇರವನ್ನು ಕಂಡರು. ಇದು ೧೧ ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಸರವೆಂದು ತಿಳಿಯುವ ಹೊತ್ತಿಗೆ ೧೯೭೧ ಬಂದಿತ್ತು. ಮನುಷ್ಯನಲ್ಲಿಯೂ ಇಲಿಯಲ್ಲಿಯೂ ಈ ಸರ ಒಂದೇ. ಆದುದರಿಂದಲೇ ಪ್ರಯೋಗಶಾಲೆಯ ಬಿಳಿಯ ಇಲಿಗೆ ಈ ವಿಚಾರದಲ್ಲಿ ಇಷ್ಟು ಬೆಲೆ.

ಆದರೆ ಅಳೆಯುವುದು ಹೇಗೆ? ೨೫ ಗ್ರಾಂ ತೂಗುವ ಇಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು ೨ ಮಿಲಿಲೀಟರು. ಅದರಲ್ಲಿನ ಪಿ ವಸ್ತುವನ್ನು ಲೆಕ್ಕ ಹಾಕುವುದು ಪಿಕೋಗ್ರಾಮಿನಲ್ಲಿ, ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ. ಯಾವ ತಕ್ಕಡಿಗೂ ಇದು ಸಿಕ್ಕದು.

ದೇಹಕ್ಕೆ ಹೊರಗಿನ ವಸ್ತು ಹೊಕ್ಕಾಗ ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆಯಷ್ಟೆ. ಇವನ್ನೇ ಅಳತೆಗೋಲು ಮಾಡಿಕೊಂಡವರು ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್. ೧೯೬೦ರ ಸುಮಾರಿಗೆ ಅವರು ವಿಕಿರಣವುಳ್ಳ ಅಯೋಡಿನ್ನನ್ನು ಗುರುತಾಗಿಟ್ಟು ಇನ್ಸುಲಿನ್ನನ್ನು ಅಳೆದರು. ೧೯೭೧ರಲ್ಲಿ ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ವಿಕಿರಣಕ್ಕೆ ಬದಲಾಗಿ ಬಣ್ಣ ಬರಿಸುವ ಕಿಣ್ವವನ್ನು ಬಳಸಿದರು. ಇಂದು ಮಾರಾಟಕ್ಕೆ ಬರುವ ಪರೀಕ್ಷಾ ಕಿಟ್ಟುಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವು.

ಕಿಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಅಳಗುಳಿ ಮಣೆಯನ್ನು ನೆನಪಿಗೆ ತರುವ, ೯೬ ಗುಳಿಗಳ ಒಂದು ಪ್ಲಾಸ್ಟಿಕ್ ಹಲಗೆ ಇರುತ್ತದೆ. ಗುಳಿಯೊಳಗೆ ಪ್ರತಿಕಾಯಗಳು ಮಿತವಾಗಿವೆ. ಅದಕ್ಕೆ ಇಲಿಯ ರಕ್ತದ ತಿಳಿಯನ್ನೂ, ಕಿಣ್ವ ಅಂಟಿಸಿದ ಪಿ ವಸ್ತುವನ್ನು ಗೊತ್ತಾದ ಅಳತೆಯಲ್ಲಿಯೂ ಹಾಕುತ್ತಾರೆ. ಮದುವೆಮನೆಯಲ್ಲಿ ನೂರೇ ಎಲೆ ಹಾಕಿದ ಪಂಕ್ತಿಗೆ ಕೆಂಪು ಪೇಟದವರೂ ಬರಿದಲೆಯವರೂ ನುಗ್ಗಿದರೆಂದು ಭಾವಿಸಿರಿ. ಕುಳಿತವರಲ್ಲಿ ಕೆಂಪು ಪೇಟ ಕಡಮೆ ಕಂಡರೆ ಬರಿದಲೆಯವರು ಹೆಚ್ಚು ಬಂದಿದ್ದಾರೆಂದೇ ಅರ್ಥ. ಇಲ್ಲಿಯೂ ಹಾಗೆಯೇ. ಸ್ಥಳ ಸಿಕ್ಕದವರನ್ನು ತೊಳೆದು ಹಾಕಿ, ಬಣ್ಣ ಬರಿಸುವ ದ್ರವವನ್ನು ಹೊಯ್ದಾಗ, ಬಣ್ಣ ಎಷ್ಟು ತಿಳಿಯೋ ಇಲಿಯ ಪಿ ವಸ್ತು ಅಷ್ಟು ಹೆಚ್ಚು. ಪ್ರಮಾಣ ಗೊತ್ತಿರುವ ಕೆಲವು ಮಾದರಿಗಳ ಬಣ್ಣದೊಡನೆ ಹೋಲಿಸಿ ಅಂಕಿಯನ್ನು ತೆಗೆಯುತ್ತಾರೆ.

ಅಂಕಿ ಬಂದೊಡನೆ ನಂಬಬಹುದೆ? ರಕ್ತದಲ್ಲಿರುವ ಕಿಣ್ವಗಳು ಈ ಸರವನ್ನು ಬೇಗ ಕತ್ತರಿಸಿಬಿಡುತ್ತವೆ. ತೆಗೆದ ರಕ್ತವನ್ನು ಕೂಡಲೇ ಮಂಜುಗಡ್ಡೆಯ ಮೇಲಿಟ್ಟು, ಕಿಣ್ವವನ್ನು ತಡೆಯುವ ಔಷಧ ಬೆರೆಸದಿದ್ದರೆ, ಹಲಗೆ ಎಷ್ಟೇ ಉತ್ತಮವಾಗಿದ್ದರೂ ಉತ್ತರ ಸುಳ್ಳು. ಇನ್ನೊಂದು ತೊಡಕು ಬಂಧುಗಳದು. ಪಿ ವಸ್ತುವಿನ ಬಾಲದ ತುದಿ ನ್ಯೂರೋಕೈನಿನ್ ಮೊದಲಾದ ಅದರ ದಾಯಾದಿಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಬಾಲವನ್ನು ಮಾತ್ರ ಬಲ್ಲ ಪ್ರತಿಕಾಯ ದಾಯಾದಿಯನ್ನೂ ಹಿಡಿದು ಲೆಕ್ಕಕ್ಕೆ ಸೇರಿಸೀತು. ಕಿಟ್ಟಿನೊಡನೆ ಬರುವ ಕಾಗದದಲ್ಲಿ ಯಾವ ಯಾವ ಬಂಧುವನ್ನು ಶೇಕಡ ಎಷ್ಟು ಹಿಡಿಯುತ್ತದೆಂದು ಬರೆದಿರುತ್ತದೆ. ನನ್ನನ್ನು ಕೇಳಿದರೆ, ಬೆಲೆಗಿಂತ ಮೊದಲು ಓದಬೇಕಾದುದು ಅದನ್ನು.

ರಕ್ತದಲ್ಲಿ ಪಿ ಹೆಚ್ಚಿದ್ದರೆ ನೋವೂ ಅಷ್ಟೇ ಹೆಚ್ಚೆಂದು ತಿಳಿಯುವಂತಿಲ್ಲ. ಕರುಳಿನ ನರಗಳೂ ಇದನ್ನು ಸುರಿಸುತ್ತವೆ. ಇದರ ಕೆಲಸವನ್ನು ತಡೆಯುವ ಮದ್ದುಗಳು ಪ್ರಾಣಿಗಳ ನೋವನ್ನು ಇಳಿಸಿದರೂ ಮನುಷ್ಯರ ನೋವಿನ ಮುಂದೆ ಸೋತವು. ಅದೇ ವರ್ಗದ ಅಪ್ರೆಪಿಟೆಂಟ್ ಎಂಬುದು ಮಾತ್ರ ೨೦೦೩ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಯನ್ನು ತಡೆಯಲು ಬಳಕೆಗೆ ಬಂದಿತು.

ಇಷ್ಟು ಸ್ವಲ್ಪ ರಕ್ತಕ್ಕಾಗಿ ಎಷ್ಟೋ ವೇಳೆ ಇಲಿ ಜೀವವನ್ನೇ ತೆರುತ್ತದೆ. ಮತ್ತೆ ಅದರಿಂದ ರಕ್ತ ಕೇಳುವಂತಿಲ್ಲ. ಇದ್ದುದರಲ್ಲಿಯೇ ಒಂದೊಂದು ಮಾದರಿಯನ್ನೂ ಎರಡೆರಡು ಗುಳಿಗಳಿಗೆ ಹಾಕುತ್ತಾರೆ. ಎರಡರ ಬಣ್ಣವೂ ಹೊಂದದಿದ್ದರೆ ಆ ಅಂಕಿಯನ್ನು ಕೈಬಿಡುತ್ತಾರೆ.