ಪಿಎಂಪಿ ಈಗ್ಲೇ ಬೇಕಾ?

ಫೈನಲ್ ಇಯರ್‌ನಲ್ಲೇ ಪಿಎಂಪಿ ಮುಗಿಸಿಬಿಡ್ತೀನಿ ಅಂತ ಜೂನಿಯರ್ ಒಬ್ಬ ಕೋಚಿಂಗ್‌ಗೆ ದುಡ್ಡು ಕಟ್ಟೋಕೆ ಹೊರಟಿದ್ದ. ತಡೆದೆ. ಬಿ.ಇ. ಆದವರಿಗೂ ಆ ಪರೀಕ್ಷೆಗೆ ಅರ್ಜಿ ಹಾಕಲು 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು, ಜೊತೆಗೆ 35 ಗಂಟೆಗಳ ತರಬೇತಿ. ಕಾಲೇಜ್ ಪ್ರಾಜೆಕ್ಟ್ ಲೆಕ್ಕಕ್ಕಿಲ್ಲ ಕಣ್ರೋ! ಅದನ್ನು ನಡೆಸುವ ಅಮೆರಿಕದ ಪಿಎಂಐ ಸಂಸ್ಥೆಯದ್ದೇ ಸಿಎಪಿಎಂ ಅಂತ ಇನ್ನೊಂದಿದೆ. ಅನುಭವ ಕೇಳಲ್ಲ, 23 ಗಂಟೆ ತರಬೇತಿ ಸಾಕು.

ಕನ್ಸಲ್ಟಿಂಗ್‌ನಲ್ಲಿ ಇದಕ್ಕೆಲ್ಲ ಬೆಲೆ ಯಾಕೆ? ಅಲ್ಲಿ ಕಂಪನಿ ಮಾರುವುದು ತನ್ನ ಜನರ ಸಮಯ ಮತ್ತು ತಿಳುವಳಿಕೆಯನ್ನು. ಕ್ಲೈಂಟ್‌ಗೆ ನಿಮ್ಮ ಪರಿಚಯ ಇರಲ್ಲ. ರೆಸ್ಯೂಮೆಯಲ್ಲಿ ಪಿಎಂಪಿ ಕಂಡರೆ ಸ್ವಲ್ಪ ಧೈರ್ಯ. ಕೆಲವು ಟೆಂಡರ್‌ಗಳಂತೂ ಅದನ್ನೇ ಷರತ್ತು ಮಾಡುತ್ತವೆ. ಆದರೆ 'ಈ ಕೆಲಸ ಒಪ್ಪಂದದಲ್ಲಿಲ್ಲ ಸಾರ್' ಅಂತ ಕ್ಲೈಂಟ್‌ಗೆ ಬೇಜಾರಾಗದ ಹಾಗೆ ಹೇಳೋದನ್ನ ಕೆಲಸದಲ್ಲೇ ಕಲೀಬೇಕು.

ಜೂನಿಯರ್ ಈಗ ಸಿಎಪಿಎಂ ಓದ್ತಿದ್ದಾನೆ.