ಎರಡನೆಯ ಸಲದ ಓದು

ದೂಧಗಂಗಾ-ವೇದಗಂಗಾ ನದಿಗಳು ಕೂಡುವ ಭೋಜ ನನ್ನ ಊರು. ಹಗಲೆಲ್ಲ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆದು, ರಾತ್ರಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದಲೇ, ಕೆಲಸ ಬಿಡುವಂತಿರಲಿಲ್ಲ.

ಒಂದರಿಂದ ಎಂಟನೆಯ ತರಗತಿಗಳಿಗೆ ಶಿಕ್ಷಕರಾಗಲು 2010ರ ನಿಯಮದಂತೆ ಈ ಪರೀಕ್ಷೆ ಅವಶ್ಯ. ಒಟ್ಟು 150 ಅಂಕ. ನನಗೆ ಬೇಕಾದುದು ಶೇಕಡಾ 60, ಅಂದರೆ 90. ಬಂದದ್ದು 86.

ದುಃಖ ಇಳಿದ ತರುವಾಯ ವಖಾರಿಯ ರೂಢಿಯಂತೆ ಸೋಲಿನ ಜಮಾಖರ್ಚನ್ನೂ ಬರೆದೆ. 30 ಅಂಕಗಳ ಶಿಶುವಿಕಾಸವನ್ನು ಉಪೇಕ್ಷಿಸಿದ್ದೆ. ಹೆಚ್ಚಿನ ನಷ್ಟ ಅಲ್ಲಿಯೇ. ಎರಡನೆಯ ಸಲ ನಿತ್ಯ ಒಂದು ತಾಸು ಅದಕ್ಕೇ ಮೀಸಲಿಟ್ಟೆ. ದಣಿದ ದಿನ ಹತ್ತೇ ಪ್ರಶ್ನೆ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಬಿಡಲಿಲ್ಲ. 94 ಬಂದವು.

ಮಿತ್ರರೇ, ದುಡಿಯುವವನಿಗೆ ಎಲ್ಲವನ್ನೂ ಮತ್ತೆ ಓದುವ ವೇಳೆಯಿಲ್ಲ. ಎಲ್ಲಿ ಎಡವಿದೆವೆಂದು ತಿಳಿದರೆ ಒಂದು ತಾಸೂ ಸಾಕು.