ಫೈಲಿಗೆ ಮನೆ ಒಂದಲ್ಲ, ಹಲವು

2021ರ ಮಾರ್ಚ್ 10ರಂದು ಬೆಳಕು ಹರಿಯುವ ಮೊದಲೇ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟು ಕರಕಲಾಯಿತು, ಲಕ್ಷಾಂತರ ವೆಬ್‌ಸೈಟುಗಳು ನಿಂತುಹೋದವು. ಬೇರೆ ಊರಿನಲ್ಲಿ ಬ್ಯಾಕಪ್ ಇಡದೆ ಇದ್ದ ಎಷ್ಟೋ ಮಂದಿಯ ಫೈಲುಗಳು ಮರಳಿ ಸಿಗಲೇ ಇಲ್ಲ.

ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬೆಂಕಿಯೂ ಬೇಕಾಗಲಿಲ್ಲ. ಸರ್ವರ್ ಬದಲಿಸುವಾಗ, ಜನ ಹನ್ನೆರಡು ವರ್ಷ ಅಪ್‌ಲೋಡ್ ಮಾಡಿದ್ದ ಹಾಡುಗಳಲ್ಲಿ ಬಹುಪಾಲು ಕಳೆದುಹೋದ ಸಂಗತಿ 2019ರಲ್ಲಿ ಬಯಲಾಯಿತು.

ಎರಡೂ ಕಡೆ ಮೂಲ ತೊಂದರೆ ಒಂದೇ. ವೆಬ್ ವಿಳಾಸ ಹೇಳುವುದು ಫೈಲು ಯಾವ ಯಂತ್ರದ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು. ಯಂತ್ರ ಹೋದರೆ ವಿಳಾಸಕ್ಕೆ ಅರ್ಥವಿಲ್ಲ.

ಹ್ವಾನ್ ಬೆನೆಟ್ ಮತ್ತು ಅವರ ಕಂಪನಿ ಪ್ರೋಟೊಕಾಲ್ ಲ್ಯಾಬ್ಸ್ 2015ರಲ್ಲಿ ಹೊರತಂದ, ಹಲವು ಕಂಪ್ಯೂಟರುಗಳು ಸೇರಿ ಫೈಲು ಹಂಚಿಕೊಳ್ಳುವ ಐಪಿಎಫ್‌ಎಸ್ ಎಂಬ ವ್ಯವಸ್ಥೆ ಈ ಲೆಕ್ಕವನ್ನೇ ತಿರುಗಿಸಿತು. ಇಲ್ಲಿ ಫೈಲಿನ ಒಳಗಿನ ಮಾಹಿತಿಯಿಂದಲೇ ಅದರ ಗುರುತು ಹುಟ್ಟುತ್ತದೆ. ಅದಕ್ಕೆ ಸಿಐಡಿ ಎನ್ನುತ್ತಾರೆ. ಒಂದು ಅಲ್ಪವಿರಾಮ ಬದಲಾದರೂ ಗುರುತು ಬೇರೆಯಾಗುತ್ತದೆ. ಹಾಗಾಗಿ ಪ್ರತಿ ಯಾರ ಕಂಪ್ಯೂಟರಿನಿಂದ ಬಂದರೂ ಅದು ಅಸಲಿಯೇ ಎಂದು ಪರೀಕ್ಷಿಸಬಹುದು. 2017ರ ಏಪ್ರಿಲ್‌ನಲ್ಲಿ ಟರ್ಕಿ ವಿಕಿಪೀಡಿಯವನ್ನು ನಿರ್ಬಂಧಿಸಿದಾಗ, ಟರ್ಕಿಶ್ ವಿಕಿಪೀಡಿಯದ ಒಂದು ನಕಲನ್ನು ಐಪಿಎಫ್‌ಎಸ್‌ಗೆ ಏರಿಸಿ ಓದುಗರಿಗೆ ಇನ್ನೊಂದು ದಾರಿ ತೆರೆದರು.

ಚಾಲ್ತಿಯಲ್ಲಿರುವ ವೆಬ್ ಆಪ್‌ಗೆ ಐಪಿಎಫ್‌ಎಸ್ ಜೋಡಿಸುವ ಕೆಲಸ ಅಂದುಕೊಂಡಷ್ಟು ದೊಡ್ಡದಲ್ಲ. ಅಪ್‌ಲೋಡ್ ಆದ ಫೋಟೊವನ್ನು ಫೋಲ್ಡರಿಗೆ ಹಾಕುವ ಬದಲು ಆಪ್ ಅದನ್ನು ಐಪಿಎಫ್‌ಎಸ್ ನೋಡ್‌ಗೆ, ಅಂದರೆ ಆ ಜಾಲದ ಒಂದು ಕಂಪ್ಯೂಟರಿಗೆ, ಕೊಡುತ್ತದೆ. ನೋಡ್ ನಡೆಸುವುದು ಕುಬೊ ತಂತ್ರಾಂಶವಾದರೆ 5001ನೇ ಪೋರ್ಟಿಗೆ ಒಂದು ಕರೆ. ಉತ್ತರವಾಗಿ 46 ಅಕ್ಷರಗಳ ಸಿಐಡಿ ಬರುತ್ತದೆ. ಡೇಟಾಬೇಸಿನಲ್ಲಿ ಹಳೆಯ ಫೈಲ್ ಪಾತ್ ಇದ್ದ ಜಾಗದಲ್ಲಿ ಅದನ್ನು ಬರೆದಿಟ್ಟರಾಯಿತು. ಆದರೆ ಆ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಕಂಡವರೆಲ್ಲ ನೋಡನ್ನು ಆಳುತ್ತಾರೆ.

'ಒಮ್ಮೆ ಏರಿಸಿದರೆ ಶಾಶ್ವತ' ಎಂಬ ಮಾತು ಮಾತ್ರ ಶುದ್ಧ ತಪ್ಪು. ಪಿನ್ ಮಾಡದ, ಅಂದರೆ ಉಳಿಸಿಕೊಳ್ಳಬೇಕೆಂದು ಗುರುತು ಹಾಕದ, ಫೈಲನ್ನು ನೋಡ್ ಜಾಗ ತೆರವು ಮಾಡುವಾಗ ಅಳಿಸಿಬಿಡಬಹುದು. ಯಾರಾದರೂ ಒಬ್ಬರು ಅದನ್ನು ಉಳಿಸಿಕೊಳ್ಳಲೇಬೇಕು. ಪಿನಾಟಾದಂಥ ಸೇವೆಗಳು ಹಣ ಪಡೆದು ಪಿನ್ ಮಾಡುತ್ತವೆ; 2020ರ ಅಕ್ಟೋಬರಿನಲ್ಲಿ ಶುರುವಾದ ಫೈಲ್‌ಕಾಯಿನ್ ಜಾಲದಲ್ಲಿ ಫೈಲು ಕಾಯುವವರಿಗೆ ಸಂಭಾವನೆಯಿದೆ. ಸ್ಟೋರ್ಜ್ ಎಂಬ ಜಾಲದ್ದು ಬೇರೆ ದಾರಿ. ಅದು ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ, ಹಲವು ತುಂಡು ಮಾಡಿ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಹಂಚುತ್ತದೆ. ಅವುಗಳಲ್ಲಿ ನಿಗದಿತ ಸಂಖ್ಯೆಯಷ್ಟು ಸಿಕ್ಕರೂ ಫೈಲು ಮತ್ತೆ ಇಡಿಯಾಗುತ್ತದೆ. ಅಮೆಜಾನಿನ ಎಸ್3 ಸಂಗ್ರಹ ಸೇವೆಗೆ ಬರೆದ ಕೋಡ್ ಬಹುಮಟ್ಟಿಗೆ ಅಲ್ಲೂ ನಡೆಯುತ್ತದೆ.

ಐಪಿಎಫ್‌ಎಸ್‌ನಲ್ಲಿ ನಿಜವಾಗಿ ಹೆದರಬೇಕಾದದ್ದು ಅಳಿಸುವ ವಿಷಯಕ್ಕೆ. ಸಿಐಡಿ ಸಿಕ್ಕ ಯಾರು ಬೇಕಾದರೂ ಆ ಫೈಲು ತೆರೆಯಬಹುದು. ಬೇರೆಯವರು ಇಳಿಸಿಕೊಂಡ ಪ್ರತಿಯನ್ನು ವಾಪಸು ಪಡೆಯುವ ಗುಂಡಿ ಎಲ್ಲೂ ಇಲ್ಲ. ತನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. ಗ್ರಾಹಕರ ಆಧಾರ್ ಪ್ರತಿ, ರಕ್ತಪರೀಕ್ಷೆಯ ವರದಿಗಳನ್ನು ಅಲ್ಲಿಗೆ ಏರಿಸಿದವರು ಆಗ ಏನು ಉತ್ತರ ಕೊಟ್ಟಾರು?

ಹಳೆಯ ಪತ್ರಿಕೆಗಳ ಸ್ಕ್ಯಾನ್, ಸಂಶೋಧನೆಯ ದತ್ತಾಂಶ, ಎಲ್ಲರಿಗೂ ಸೇರಿದ ಚಿತ್ರಗಳನ್ನು ಧೈರ್ಯವಾಗಿ ಏರಿಸಬಹುದು. ಏರಿಸುವವರು ಕನಿಷ್ಠ ಎರಡು ಕಡೆ ಪಿನ್ ಮಾಡಲಿ, ಅದರಲ್ಲಿ ಒಂದು ತಮ್ಮದೇ ಯಂತ್ರವಾಗಿರಲಿ. ಅಷ್ಟಾಗುವವರೆಗೆ ಹಳೆಯ ಅಪ್‌ಲೋಡ್ ಫೋಲ್ಡರನ್ನು ಅಳಿಸಬೇಡಿ.